ಪ್ರಾಯ ಆಯ್ತು ಅಂತ ಸುಮ್ಮನಾಗುವ ಮೊದಲು: ಜೀವಕೋಶದ ಶಕ್ತಿ ಉಳಿಸಿಕೊಳ್ಳುವ ದಾರಿ

"ಎಂತ ಮಾಡುವುದು, ಪ್ರಾಯ ಆಯ್ತಲ್ಲ, ಬಚ್ಚುತ್ತದೆ."

ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಅಂತ ನಮ್ಮ ಕಾಸರಗೋಡಿನ ಈ ಕಡೆ ಅರುವತ್ತು ದಾಟಿದವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳುವ ಮಾತು ಇದು. ಬಚ್ಚುವುದು ಅಂದರೆ ಸುಸ್ತಾಗುವುದು. ನನ್ನ ಅತ್ತೆಯೂ ಎರಡು ವರ್ಷ ಇದನ್ನೇ ಹೇಳುತ್ತಿದ್ದರು. ಮೊದಲು ತೋಟಕ್ಕೆ ಇಳಿಯುವುದು ಬಿಟ್ಟರು. ಆಮೇಲೆ ಹಟ್ಟಿಗೆ ಹೋಗುವುದು ಬಿಟ್ಟರು. ಒಂದು ದಿನ ಜಗಲಿಯ ಕುರ್ಚಿಯಿಂದ ಏಳಲು ಎರಡೂ ಕೈಯನ್ನು ಮೊಣಕಾಲಿಗೆ ಒತ್ತಿ, ಮುಂದಕ್ಕೆ ಬಾಗಿ, ಅರ್ಧ ಎದ್ದು ಮತ್ತೆ ಧೊಪ್ಪನೆ ಕೂತರು. ಎರಡನೇ ಸಲಕ್ಕೆ ಎದ್ದು ನಿಂತು ನನ್ನನ್ನು ನೋಡಿ ನಕ್ಕರು. ಆ ನಗು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಅವತ್ತಿನಿಂದ ಓದಿದ್ದು, ಡಾಕ್ಟರ್ ಹತ್ತಿರ ಕೇಳಿದ್ದು, ಮನೆಯಲ್ಲಿ ಮಾಡಿ ನೋಡಿದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹೀಗೆ ಬಚ್ಚಿ ಕೂತವರಿದ್ದರೆ, ಅಥವಾ ನೀವೇ ಐವತ್ತರ ಆಚೆ ಇದ್ದರೆ, ಇದು ನಿಮಗಾಗಿ.

ಒಳಗೆ ಉರಿಯುವ ಒಲೆ

ನಾವು ಉಂಡ ಅನ್ನ ನೇರವಾಗಿ ಶಕ್ತಿ ಆಗುವುದಿಲ್ಲ. ಹೆಚ್ಚುಕಡಿಮೆ ಪ್ರತಿ ಜೀವಕೋಶದ ಒಳಗೆ ಮೈಟೊಕಾಂಡ್ರಿಯ ಎಂಬ ಸಣ್ಣ ಸಣ್ಣ ಭಾಗಗಳಿವೆ. ನಮ್ಮ ಬಚ್ಚಲ ಒಲೆಯ ಹಾಗೆ ಅಂದುಕೊಳ್ಳಿ. ಒಲೆಗೆ ಅಡಕೆ ಸಿಪ್ಪೆ ಬೇಕು, ಗಾಳಿಯೂ ಬೇಕು. ಇಲ್ಲಿ ಸಿಪ್ಪೆಯ ಬದಲು ಊಟದಿಂದ ಬಂದ ಸಕ್ಕರೆ ಮತ್ತು ಕೊಬ್ಬು, ಗಾಳಿಯ ಬದಲು ರಕ್ತ ಹೊತ್ತು ತರುವ ಆಮ್ಲಜನಕ. ಉರಿದು ಬರುವ ಶಕ್ತಿಯನ್ನು ದೇಹ ಎಟಿಪಿ ಎಂಬ ರೂಪದಲ್ಲಿ ಖರ್ಚು ಮಾಡುತ್ತದೆ. ಕಣ್ಣು ಮಿಟುಕಿಸುವುದಕ್ಕೂ ಅದೇ, ಗುಡ್ಡೆ ಹತ್ತುವುದಕ್ಕೂ ಅದೇ.

ಈ ಎಟಿಪಿಯನ್ನು ಕಂಡುಹಿಡಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಕೆಲಸ ಮಾಡುತ್ತಿದ್ದರು. 1929ರಲ್ಲಿ ಅವರು ಅಲ್ಲಿ, ಕಾರ್ಲ್ ಲೋಮನ್ ಜರ್ಮನಿಯಲ್ಲಿ, ಇಬ್ಬರೂ ಬೇರೆ ಬೇರೆಯಾಗಿ ಸ್ನಾಯುವಿನಲ್ಲಿ ಎಟಿಪಿಯನ್ನು ಗುರುತಿಸಿದರು. ಶಾಲೆಯ ಪಾಠದಲ್ಲಿ ಈ ಹೆಸರು ನನಗೆ ಸಿಕ್ಕಿರಲಿಲ್ಲ. ಮಕ್ಕಳಿಗೆ ಹೇಳಿ.

ದೇಹ ಎಟಿಪಿಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ಆಗಲೇ ಮಾಡಿ ಆಗಲೇ ಖರ್ಚು ಮಾಡುತ್ತದೆ. ದಿನವಿಡೀ ತಿರುಗಿ ತಿರುಗಿ ತಯಾರಾಗುವ ಎಟಿಪಿಯನ್ನೆಲ್ಲ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟಾಗುತ್ತದೆ. ಹಾಗಾಗಿ ಒಲೆ ಕುಂದಿದರೆ ಕೂಡಲೇ ಗೊತ್ತಾಗುತ್ತದೆ. ಪ್ರಾಯ ಹೋದ ಹಾಗೆ ಸ್ನಾಯುವಿನಲ್ಲಿ ಈ ಒಲೆಗಳ ಸಂಖ್ಯೆ ಇಳಿಯುತ್ತದೆ. ಹಾಳಾದದ್ದನ್ನು ಕಿತ್ತು ಹೊಸದು ಕಟ್ಟುವ ಕೆಲಸವೂ ನಿಧಾನವಾಗುತ್ತದೆ.

ಆದರೆ ಬಳಸಿದರೆ ಹೊಸ ಒಲೆ ಹುಟ್ಟುತ್ತದೆ. ಇದನ್ನು 1967ರಲ್ಲಿ ಅಮೆರಿಕದ ಜಾನ್ ಹೊಲೊಸ್ಜಿ ಇಲಿಗಳನ್ನು ಓಡಿಸಿ ತೋರಿಸಿದರು. ವಾರಗಟ್ಟಲೆ ಓಡಿದ ಇಲಿಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯದ ಕೆಲಸ ಮಾಡುವ ಕಿಣ್ವಗಳು ಸುಮಾರು ಎರಡು ಪಟ್ಟಾಗಿದ್ದವು. 2017ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯವರು ಮನುಷ್ಯರಲ್ಲೇ ನೋಡಿದರು. 12 ವಾರ ಬಿರುಸು-ನಿಧಾನ ಕ್ರಮದಲ್ಲಿ ವ್ಯಾಯಾಮ ಮಾಡಿಸಿದಾಗ ಮೈಟೊಕಾಂಡ್ರಿಯದ ಸಾಮರ್ಥ್ಯ ಯುವಕರಲ್ಲಿ 49 ಶೇಕಡಾ ಏರಿತು, 65 ದಾಟಿದವರಲ್ಲಿ 69 ಶೇಕಡಾ. ಹಿರಿಯರಲ್ಲೇ ಜಾಸ್ತಿ! ಇದನ್ನು ಓದಿದ ದಿನ ನಾನು ಅತ್ತೆಗೆ ಎರಡು ಸಲ ಓದಿ ಹೇಳಿದೆ.

ಮೊದಲ ಹೆಜ್ಜೆ: ರಕ್ತ ಪರೀಕ್ಷೆ

ವ್ಯಾಯಾಮಕ್ಕಿಂತ ಮೊದಲು ಇದು ಆಗಬೇಕು. ಒಲೆಗೆ ಗಾಳಿಯೇ ಇಲ್ಲದಿದ್ದರೆ ಎಷ್ಟು ಊದಿ ಏನು ಪ್ರಯೋಜನ? ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೋ ನಿಮ್ಮ ಡಾಕ್ಟರ್ ಹತ್ತಿರವೋ ಹೋಗಿ, ಇವುಗಳ ಬಗ್ಗೆ ಕೇಳಿ: ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್ಎಚ್, ಮೂರು ತಿಂಗಳ ಸಕ್ಕರೆಯ ಎಚ್‌ಬಿಎ1ಸಿ, ಬಿ12, ಕಿಡ್ನಿಯ ಕ್ರಿಯೇಟಿನಿನ್. ಯಾವುದು ಬೇಕು ಯಾವುದು ಬೇಡ ಅಂತ ಅವರು ಹೇಳುತ್ತಾರೆ.

ಹಿಮೋಗ್ಲೋಬಿನ್ ಕಡಿಮೆಯಾದರೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಥೈರಾಯ್ಡ್ ಕಡಿಮೆಯಾದರೆ ಒಲೆಯ ಉರಿಯೇ ತಗ್ಗುತ್ತದೆ. ಇನ್ನು ಬಿ12. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ನಮ್ಮ ಮನೆಯಲ್ಲಿ ಸಿಕ್ಕಿಬಿದ್ದದ್ದು ಇದೇ. ಬಿ12 ಸೊಪ್ಪು ತರಕಾರಿಯಲ್ಲಿ ಇಲ್ಲ. ಮೀನು, ಮೊಟ್ಟೆ, ಮಾಂಸ, ಹಾಲು ಮೊಸರಿನಲ್ಲಿ ಮಾತ್ರ. ಸಸ್ಯಾಹಾರಿ ಮನೆಗಳಲ್ಲಿ ಹಾಲು ಮಜ್ಜಿಗೆಯೇ ದಾರಿ, ಅದೂ ಪ್ರಾಯ ಆದವರಿಗೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಸರಿಯಾಗಿ ಹೀರಿಕೆ ಆಗುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಲ್ಲಿ ಇನ್ನೂ ಇಳಿಯುತ್ತದೆ. ಅತ್ತೆ ಈ ಮೂರೂ ಗುಂಪಿಗೆ ಸೇರಿದ್ದರು. ಪಾದ ಜೋಮು ಹಿಡಿಯುತ್ತದೆ ಅಂತ ಅವರು ಹೇಳುತ್ತಲೇ ಇದ್ದರು, ಅದು ಬಿ12 ಕೊರತೆಯ ಗುರುತಾಗಿರಬಹುದು ಅಂತ ತಿಳಿಯದೆ ನಾವು ನೋವಿನ ಎಣ್ಣೆ ಹಚ್ಚುತ್ತಲೇ ಇದ್ದೆವು. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಹಾಗಂತ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಹಾಗೆ ಬಿ12 ತೆಗೆದುಕೊಳ್ಳಿ.

ನಮ್ಮ ಊರಿನವರಿಗೆ ಮಾತ್ರ ಬೇಕಾದ ಒಂದು ಸೂಚನೆ ಇದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಮಲಯಾಳದಲ್ಲಿ ಕೇಳುತ್ತಾರೆ, ನಮ್ಮ ಹಿರಿಯರು ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಾರೆ. "ಬಚ್ಚುತ್ತದೆ" ಅಂದರೆ ತೆಂಕಣದಿಂದ ಬಂದ ಡಾಕ್ಟರಿಗೆ ಅರ್ಥವಾಗುವುದಿಲ್ಲ. ಮಲಯಾಳದಲ್ಲಿ ಸುಸ್ತಿಗೆ "ಕ್ಷೀಣಂ", ಏದುಸಿರಿಗೆ "ಶ್ವಾಸಂಮುಟ್ಟ್". ಈ ಎರಡು ಪದ ನೆನಪಿರಲಿ. ಅದಕ್ಕಿಂತ ಒಳ್ಳೆಯದು ಲೆಕ್ಕ ಹೇಳುವುದು. "ಹೋದ ವಿಷುವಿಗೆ ತೋಟದಿಂದ ಮನೆಗೆ ನಿಲ್ಲದೆ ಹತ್ತುತ್ತಿದ್ದೆ, ಈಗ ಎರಡು ಕಡೆ ನಿಲ್ಲಬೇಕು" ಅಂದರೆ ಯಾವ ಭಾಷೆಯ ಡಾಕ್ಟರಿಗೂ ವಿಷಯ ತಿಳಿಯುತ್ತದೆ. ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಕೊಂಡುಹೋಗಿ.

ಎದೆ ನೋವು, ನಡೆದರೆ ಎದೆ ಹಿಂಡಿದ ಹಾಗೆ, ಮಲಗಿದರೆ ಉಸಿರು ಕಟ್ಟುವುದು, ಸುಮ್ಮನೆ ತೂಕ ಇಳಿಯುವುದು, ಮಲ ಕಪ್ಪಗಾಗುವುದು, ಸುಸ್ತು ಒಮ್ಮೆಲೇ ಶುರುವಾಗುವುದು. ಇವುಗಳಲ್ಲಿ ಒಂದಿದ್ದರೂ ಈ ಲೇಖನ ಬದಿಗಿಟ್ಟು ಇವತ್ತೇ ಡಾಕ್ಟರ್ ಹತ್ತಿರ ಹೋಗಿ.

ಎರಡನೇ ಹೆಜ್ಜೆ: ಕಾಲಿಗೆ ಕೆಲಸ

ದೇಹದ ದೊಡ್ಡ ದೊಡ್ಡ ಸ್ನಾಯುಗಳಿರುವುದು ತೊಡೆ ಮತ್ತು ಕುಂಡೆಯಲ್ಲಿ. ಒಲೆಗಳು ಜಾಸ್ತಿ ಇರುವುದೂ ಅಲ್ಲೇ. ಹಾಗಾಗಿ ಶುರು ಅಲ್ಲಿಂದ.

ಮೊದಲು ಒಂದು ಅಳತೆ ತೆಗೆದುಕೊಳ್ಳಿ. ಕೈ ಇಲ್ಲದ ಗಟ್ಟಿ ಕುರ್ಚಿ, ಸುಮಾರು 17 ಇಂಚು ಎತ್ತರದ್ದು. ಹಿಂದೆ ಗೋಡೆಗೆ ತಾಗಿಸಿ ಇಡಿ, ಜಾರಬಾರದು. ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಟ್ಟ ಲೆಕ್ಕದ ಪ್ರಕಾರ 60ರಿಂದ 64 ಪ್ರಾಯದ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಸಾಲದು, ಬೀಳುವ ಭಯ ಜಾಸ್ತಿ ಅಂತ ಅರ್ಥ. 70ರಿಂದ 74ಕ್ಕೆ ಗಂಡಸರಿಗೆ 12, ಹೆಂಗಸರಿಗೆ 10. ಏಳಲು ಕೈ ಬಳಸಬೇಕಾಯಿತೆಂದರೆ ಲೆಕ್ಕ ಸೊನ್ನೆ. 74ರ ಅತ್ತೆಗೆ ಮೊದಲ ದಿನ ಬಂದದ್ದು ಸೊನ್ನೆಯೇ.

ಸೊನ್ನೆಯಿಂದ ಹೀಗೆ ಶುರು ಮಾಡಿದೆವು. ಕುರ್ಚಿಯ ಮೇಲೆ ಎರಡು ದಪ್ಪ ಕಂಬಳಿ ಮಡಚಿಟ್ಟು ಎತ್ತರ ಮಾಡಿದೆವು. ಎತ್ತರದಿಂದ ಏಳುವುದು ಸುಲಭ. ಪಾದವನ್ನು ಸ್ವಲ್ಪ ಹಿಂದಕ್ಕೆ ಎಳೆದು, ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಕೂರುವಾಗ ಧೊಪ್ಪನೆ ಬೀಳಬಾರದು. ಒಂದು, ಎರಡು, ಮೂರು ಅಂತ ಎಣಿಸುತ್ತಾ ನಿಧಾನ ಇಳಿಯಬೇಕು. ಬಲ ಕಟ್ಟುವುದರಲ್ಲಿ ಆ ಇಳಿಯುವಿಕೆಗೂ ಪಾಲಿದೆ. ಐದು ಸಲ, ಸ್ವಲ್ಪ ಕೂತು ಮತ್ತೆ ಐದು ಸಲ. ದಿನ ಬಿಟ್ಟು ದಿನ. ಎರಡು ವಾರ ಕಳೆದ ಮೇಲೆ ಒಂದು ಕಂಬಳಿ ತೆಗೆದೆವು. ಇನ್ನೊಂದು ತೆಗೆಯಲು ಮತ್ತೆ ಮೂರು ವಾರ ಬೇಕಾಯಿತು. ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಅದೇ ಕಂಬ ಹಿಡಿದು ಒಂದು ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲುವುದು, ಆಮೇಲೆ ಇನ್ನೊಂದು ಕಾಲು. ಕೈಯ ಬಲಕ್ಕೆ ನೀರು ತುಂಬಿದ ಲೀಟರ್ ಬಾಟಲಿ ಎತ್ತಿ ಇಳಿಸಿದರೆ ಸಾಕು.

ಸ್ನಾಯು ಮರುದಿನ ಸ್ವಲ್ಪ ನೋಯುವುದು ಸಹಜ. ಗಂಟು ಚುಚ್ಚಿದ ಹಾಗೆ ನೋಯುವುದು ಸಹಜವಲ್ಲ, ಆಗ ಎತ್ತರ ಹೆಚ್ಚಿಸಿ, ಸಂಖ್ಯೆ ಇಳಿಸಿ. "ಈ ಪ್ರಾಯದಲ್ಲಿ ಬಲ ಬರುತ್ತದಾ?" ಅಂತ ಯಾರಾದರೂ ಕೇಳಿದರೆ 1990ರ ಬಾಸ್ಟನ್ ಅಧ್ಯಯನ ನೆನಪಿಸಿ. ವೃದ್ಧಾಶ್ರಮದಲ್ಲಿದ್ದ ಸುಮಾರು 90 ವರ್ಷದವರಿಗೆ ಮರಿಯಾ ಫಿಯಾಟರೋನ್ ಮತ್ತು ಜೊತೆಯವರು ಎಂಟು ವಾರ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ 174 ಶೇಕಡಾ ಏರಿತು.

ನಡಿಗೆ ಇದರ ಜೊತೆಗೆ. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ. ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲು. ಪೇಟೆಯವರು ದುಡ್ಡು ಕೊಟ್ಟು ಜಿಮ್ಮಿನಲ್ಲಿ ಹುಡುಕುವ ಏರು ನಮ್ಮ ಅಂಗಳದ ಕೊನೆಯಲ್ಲಿದೆ. ಆದರೆ ಈಗ ತೋಟಕ್ಕೂ ಜೀಪು ಇಳಿಯುತ್ತದೆ, ಪಂಪಿನ ಸ್ವಿಚ್ಚು ಮೊಬೈಲಿನಲ್ಲೇ ಇದೆ. ಅನುಕೂಲ ಬೇಡ ಅನ್ನುತ್ತಿಲ್ಲ. ಆ ಮೆಟ್ಟಿಲನ್ನು ದಿನಕ್ಕೊಮ್ಮೆಯಾದರೂ ಬೇಕೆಂದೇ ಹತ್ತಿ ಅನ್ನುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಓಡಾಟ ಬೇಕು. ಬಲದ ವ್ಯಾಯಾಮ ಎರಡು ದಿನ. 65 ದಾಟಿದವರಿಗೆ ಆಯ ತಪ್ಪದ ಹಾಗೆ ನಿಲ್ಲುವ ಅಭ್ಯಾಸ ಮೂರು ದಿನ. ಬಿರುಸು ಎಷ್ಟು ಅಂದರೆ, ಮಾತಾಡಲು ಆಗಬೇಕು, ಪದ್ಯ ಹೇಳಲು ಆಗಬಾರದು. ದೇಹ ಒಗ್ಗಿದ ಮೇಲೆ ಜಪಾನಿನ ಮಾತ್ಸುಮೊಟೊದಲ್ಲಿ ಹಿರಿಯರಿಗೆ ಹೇಳಿಕೊಟ್ಟ ಕ್ರಮ ಮಾಡಬಹುದು. ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ಐದು ಸುತ್ತು. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಬಿರುಸಿನದ್ದಕ್ಕೆ ಕೈ ಹಾಕಬಾರದು. ಉಂಡ ಮೇಲೆ ಹತ್ತು ನಿಮಿಷ ಅಂಗಳದಲ್ಲಿ ಸುತ್ತಿದರೂ ರಕ್ತದ ಸಕ್ಕರೆ ಅಷ್ಟು ಮೇಲೆ ಹಾರುವುದಿಲ್ಲ.

ಮಳೆಗಾಲದ್ದು ಬೇರೆ ಕಥೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನಮ್ಮ ಅಂಗಳ ಪಾಚಿ ಹಿಡಿದು ಜಾರುತ್ತದೆ. ಒಮ್ಮೆ ಬಿದ್ದು ಸೊಂಟದ ಎಲುಬು ಮುರಿದರೆ ವರ್ಷದ ಶ್ರಮವೆಲ್ಲ ನೀರು ಪಾಲು. ಆ ನಾಲ್ಕು ತಿಂಗಳು ಜಗಲಿಯಲ್ಲೇ ನಡೆಯಿರಿ. ಬಚ್ಚಲಿಗೆ ಹೋಗುವ ದಾರಿಯ ಪಾಚಿಯನ್ನು ವಾರಕ್ಕೊಮ್ಮೆ ಉಜ್ಜಿ ತೆಗೆಸಿ.

ಮೂರನೇ ಹೆಜ್ಜೆ: ಬಟ್ಟಲಲ್ಲಿ ಏನಿದೆ

ನಮ್ಮ ಕುಚ್ಚಿಲಕ್ಕಿಯ ಬಗ್ಗೆ ನನಗೆ ತುಂಬಾ ಅಭಿಮಾನ. ಅದಕ್ಕೆ ಕಾರಣವೂ ಇದೆ. ಸಕ್ಕರೆ ಮೈಟೊಕಾಂಡ್ರಿಯದ ಬಾಗಿಲು ದಾಟಿ ಒಳಗೆ ಹೋಗಿ ಉರಿಯಬೇಕಾದರೆ ಬಿ1 ಜೀವಸತ್ವ, ಅಂದರೆ ಥಯಮಿನ್, ಬೇಕೇ ಬೇಕು. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ತೌಡಿನಲ್ಲಿರುವ ಥಯಮಿನ್ ಸ್ವಲ್ಪ ಕಾಳಿನ ಒಳಗೆ ಇಳಿಯುತ್ತದೆ. ತೌಡು ಹೋದರೂ ಅದು ಉಳಿಯುತ್ತದೆ. ಬೇಯಿಸದೆ ಮಾಡುವ ಬೆಳ್ತಿಗೆ ಅಕ್ಕಿಯನ್ನು ಪಾಲಿಶ್ ಮಾಡಿದರೆ ಬಹುಪಾಲು ಹೋಗಿಬಿಡುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮಲಯದಲ್ಲಿ, ಅಂದರೆ ಈಗಿನ ಮಲೇಶ್ಯದಲ್ಲಿ, ಬೆಳ್ತಿಗೆ ಉಣ್ಣುತ್ತಿದ್ದ ಚೀನೀ ಕೆಲಸಗಾರರು ಕಾಲು ಸೋತು ಬೆರಿಬೆರಿ ಎಂಬ ರೋಗದಿಂದ ಸಾಯುತ್ತಿದ್ದರು. ಕುಚ್ಚಿಲಕ್ಕಿ ಉಣ್ಣುತ್ತಿದ್ದ ತಮಿಳು ಕೂಲಿಕಾರರಿಗೆ ಅದು ಬರುತ್ತಿರಲಿಲ್ಲ.

ಹಾಗಾಗಿ ಗಂಜಿ ಬಿಡಬೇಡಿ. ತೆಳಿ, ಅಂದರೆ ಅನ್ನ ಬೆಂದ ನೀರು, ಚೆಲ್ಲಬೇಡಿ. ಥಯಮಿನ್ ನೀರಿನಲ್ಲಿ ಕರಗುತ್ತದೆ, ತೆಳಿಯ ಜೊತೆ ಅದೂ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಅನ್ನದ ಅಳತೆ ಇಳಿಸಿ, ಪದಾರ್ಥ, ಅಂದರೆ ಪಲ್ಯ ಸಾಂಬಾರು, ಜಾಸ್ತಿ ಬಡಿಸಿಕೊಳ್ಳಿ.

ತೊಂದರೆ ಇರುವುದು ಬೇರೆ ಕಡೆ. ಬೆಳಿಗ್ಗೆ ನೀರುದೋಸೆ ಚಟ್ನಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಗಂಜಿ ಉಪ್ಪಿನಕಾಯಿ ಅಂತಾದರೆ ಪ್ರೋಟೀನ್ ಎಲ್ಲಿದೆ? ಪ್ರಾಯ ಆದವರಿಗೆ ಮೈತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ತಜ್ಞರು ಹೇಳುತ್ತಾರೆ. 50 ಕಿಲೋ ಇದ್ದವರಿಗೆ ದಿನಕ್ಕೆ 50ರಿಂದ 60 ಗ್ರಾಂ. ಕಿಡ್ನಿ ಕಾಯಿಲೆ ಇದ್ದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರು ಡಾಕ್ಟರ್ ಹೇಳಿದಷ್ಟೇ ತಿನ್ನಬೇಕು.

ಅತ್ತೆಯ ಊಟವನ್ನು ಹೀಗೆ ಕೂಡಿಸಿದೆ. ಇಡೀ ದಿನದ 200 ಗ್ರಾಂ ಅಕ್ಕಿಯಿಂದ ಸುಮಾರು 15 ಗ್ರಾಂ. ಬೆಳಿಗ್ಗೆ ದೋಸೆಯ ಜೊತೆ ಒಂದು ಹಿಡಿ, ಅಂದರೆ 30 ಗ್ರಾಂ ಹೆಸರುಕಾಳು, ಮೊಳಕೆ ಬರಿಸಿ ಒಗ್ಗರಣೆ ಹಾಕಿದ್ದು, 7 ಗ್ರಾಂ. ಮಧ್ಯಾಹ್ನ ಅಷ್ಟೇ ಹುರುಳಿಯ ಸಾರು, ಕಾಳು ಸಮೇತ, 6 ಗ್ರಾಂಗಿಂತ ಸ್ವಲ್ಪ ಮೇಲೆ. ಒಂದು ಲೋಟ ಹಾಲು ಆರು, ಒಂದು ಬಟ್ಟಲು ಮೊಸರು ಆರು. ಸಂಜೆ ಚಹಾದ ಹೊತ್ತಿಗೆ ಒಂದು ಹಿಡಿ ನೆಲಗಡಲೆ, 7 ಗ್ರಾಂ. ಎಲ್ಲ ಸೇರಿ ಐವತ್ತರ ಹತ್ತಿರ ಬಂತು. ಹುರುಳಿಯ ಕಟ್ಟು ಮಾತ್ರ ಕುಡಿದು ಕಾಳನ್ನು ದನಕ್ಕೆ ಹಾಕುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ, ಅದನ್ನು ಮಿಕ್ಸಿಯಲ್ಲಿ ಅರೆದು ಸಾರಿಗೇ ಸೇರಿಸಿ.

ಮೀನು ತಿನ್ನುವವರಿಗೆ ಇಷ್ಟು ಲೆಕ್ಕವೇ ಬೇಡ. ನೂರು ಗ್ರಾಂ ಬೂತಾಯಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, ಜೊತೆಗೆ ಬಿ12, ಒಮೆಗಾ 3 ಕೊಬ್ಬು. ಕುಂಬಳೆ, ಮಂಜೇಶ್ವರದ ಕಡಲ ಬದಿಯವರು ಇದನ್ನು ಬಡವರ ಮೀನು ಅಂತ ಕೀಳಾಗಿ ನೋಡಬೇಡಿ. ಕರಿಯುವುದಕ್ಕಿಂತ ಪದಾರ್ಥ ಮಾಡಿದರೆ ಒಳ್ಳೆಯದು.

ಕಬ್ಬಿಣಕ್ಕೆ ಬಸಳೆ, ಹರಿವೆ, ಹುರುಳಿ. ಮೇಲಿಂದ ಲಿಂಬೆ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ. ಚಹಾ ಕಾಫಿ ಊಟಕ್ಕೆ ತಾಗಿ ಬೇಡ, ಒಂದು ಗಂಟೆಯಾದರೂ ಅಂತರವಿರಲಿ.

ನಿದ್ದೆ, ಎಲೆ ಅಡಕೆ, ಬೀಡಿ

ರಾತ್ರಿ ಊಟ ಏಳೂವರೆಗೆ ಮುಗಿಸಿ, ಬೆಳಿಗ್ಗೆ ಏಳೂವರೆ ವರೆಗೆ ಹೊಟ್ಟೆಗೆ ವಿರಾಮ ಕೊಡಿ. ಅಷ್ಟು ಸಾಕು. ಜೀವಕೋಶ ತನ್ನ ಹಾಳಾದ ಭಾಗಗಳನ್ನು ತಾನೇ ಕರಗಿಸಿ ಮರುಬಳಕೆ ಮಾಡುವ ಕ್ರಮವೊಂದಿದೆ, ಹಸಿದಿರುವಾಗ ಅದು ಜಾಸ್ತಿ ನಡೆಯುತ್ತದೆ. ಅದನ್ನು ಬಿಡಿಸಿ ತೋರಿಸಿದ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಆ ಹೆಸರು ಹೇಳಿ ಎಪ್ಪತ್ತರ ಹಿರಿಯರನ್ನು ದಿನವಿಡೀ ಉಪವಾಸ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಇರುವ ಸ್ನಾಯುವೂ ಕರಗುತ್ತದೆ. ಸಕ್ಕರೆಯ ಮಾತ್ರೆ ತಿನ್ನುವವರಿಗೆ ಸಕ್ಕರೆ ದಿಢೀರ್ ಇಳಿದು ತಲೆ ತಿರುಗುವ ಅಪಾಯವೂ ಇದೆ.

ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆ ಅಂಗಳದ ಬೆಳಕಿನಲ್ಲಿರಿ. ರಾತ್ರಿ ನಿದ್ದೆ ಬೇಗ ಹತ್ತುತ್ತದೆ. ಮಧ್ಯಾಹ್ನ ಅರ್ಧ ಗಂಟೆಗಿಂತ ಜಾಸ್ತಿ ಮಲಗಬೇಡಿ.

ಅಡಕೆ ನಮ್ಮ ಅನ್ನ. ಅದರಿಂದಲೇ ನಮ್ಮ ಮಕ್ಕಳು ಓದಿದ್ದು. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ, ಹೊಗೆಸೊಪ್ಪು ಇಲ್ಲದಿದ್ದರೂ. ಜಗಿಯುವುದರಿಂದ ಬಾಯಿ ಬಿಗಿದು ಸರಿಯಾಗಿ ತೆರೆಯಲಾಗದವರನ್ನು ನಾವೆಲ್ಲ ನೋಡಿದ್ದೇವೆ. ಬಾಯಿ ತೆರೆಯದಿದ್ದರೆ ಹೆಸರುಕಾಳು ಜಗಿಯುವುದು ಹೇಗೆ? ಬೀಡಿಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಒಲೆಯ ಗಾಳಿಗಂಡಿ ಮುಚ್ಚಿದ ಹಾಗೆ.

ಆನ್‌ಲೈನ್ ಮಾತ್ರೆಗಳ ಬಗ್ಗೆ

ದುಬೈಯಲ್ಲಿರುವ ಮಗ ಅಕ್ಕರೆಯಿಂದ ಕಳಿಸುವ ಡಬ್ಬಿಗಳಲ್ಲಿ ಈಗ ಪ್ರಾಯ ತಡೆಯುತ್ತದೆ, ಶಕ್ತಿ ಕೊಡುತ್ತದೆ ಅಂತ ಮಾರುವ ಎನ್ಎಂಎನ್, ಕೋ ಕ್ಯೂ 10 ಅಂತೆಲ್ಲ ಇರುತ್ತವೆ. ಎನ್ಎಂಎನ್ ತಿಂದರೆ ಜೀವಕೋಶ ಶಕ್ತಿ ತಯಾರಿಸಲು ಬಳಸುವ ಎನ್ಎಡಿ ಎಂಬ ಅಂಶ ರಕ್ತದಲ್ಲಿ ಏರುವುದು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಮನುಷ್ಯರ ಆಯುಷ್ಯ ಹೆಚ್ಚಿದ್ದಕ್ಕೆ ಪುರಾವೆಯಿಲ್ಲ. ಕೋ ಕ್ಯೂ 10ನ್ನು ದೇಹವೇ ಮಾಡಿಕೊಳ್ಳುತ್ತದೆ. ರಕ್ತ ತೆಳುವಾಗಲು ವಾರ್ಫರಿನ್ ತಿನ್ನುವವರಲ್ಲಿ ಅದು ಮದ್ದಿನ ಕೆಲಸಕ್ಕೆ ಅಡ್ಡ ಬರಬಹುದು. ನನ್ನ ಅಭಿಪ್ರಾಯ ಕೇಳಿದರೆ, ಆ ಹಣದಲ್ಲಿ ರಕ್ತ ಪರೀಕ್ಷೆ, ಒಂದು ಜೊತೆ ಜಾರದ ಚಪ್ಪಲಿ, ದಿನಕ್ಕೆ ಅರ್ಧ ಲೀಟರ್ ಹಾಲು. ಪರೀಕ್ಷೆಯಲ್ಲಿ ಕೊರತೆ ಕಂಡ ಬಿ12, ಕಬ್ಬಿಣ, ಡಿ ಜೀವಸತ್ವ ಬೇರೆ ಮಾತು, ಅವುಗಳನ್ನು ತಪ್ಪದೆ ತೆಗೆದುಕೊಳ್ಳಬೇಕು.

ಬರೆದಿಡಿ

ಕುರ್ಚಿಯ ಅಳತೆಯನ್ನು ಮೂರು ವಾರಕ್ಕೊಮ್ಮೆ ಮಾಡಿ. ಅದೇ ಕುರ್ಚಿ, ಬೆಳಗ್ಗಿನ ಅದೇ ಹೊತ್ತು, ಬರಿಗಾಲು. ಬಿ12 ಮದ್ದು ಶುರು ಮಾಡಿದ್ದರೆ ಮತ್ತೆ ಪರೀಕ್ಷೆ ಯಾವಾಗ ಅಂತ ಡಾಕ್ಟರ್ ಹತ್ತಿರ ಕೇಳಿ ದಿನಾಂಕ ಗುರುತು ಹಾಕಿ. ಸಂಖ್ಯೆ ಒಮ್ಮೊಮ್ಮೆ ಇಳಿಯುತ್ತದೆ, ಅದಕ್ಕೆ ಎದೆಗುಂದಬೇಡಿ, ಕಾರಣ ಪಕ್ಕದಲ್ಲಿ ಬರೆಯಿರಿ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅತ್ತೆ ತಮ್ಮ ಕೈಯಿಂದಲೇ ಬರೆದ ಸಾಲು ಹೀಗಿದೆ: 0, 0, 3, 5, 4 (ಜ್ವರ), 7, 9.